ಎಡಕ್ಕೆ ವಾಲುವ ಕಿವಿ

ರೋಲರ್ ಕೋಸ್ಟರ್ ಒಂದೇ ಆದರೂ ಬೆಳಗಿನ ಸವಾರಿ ಬೇರೆ, ಸಂಜೆಯ ಸವಾರಿ ಬೇರೆ. ಬೆಳಿಗ್ಗೆ ಚಕ್ರಗಳು ತಣ್ಣಗಿರುತ್ತವೆ, ಗ್ರೀಸು ಗಟ್ಟಿಯಾಗಿರುತ್ತದೆ. ಬಂಡಿ ತುದಿ ಮುಟ್ಟಿ, ಒಂದಿಷ್ಟು ಯೋಚಿಸಿ, ಆಮೇಲೆ ಬೀಳುತ್ತದೆ. ಇಡೀ ದಿನ ಬಿಸಿಲಲ್ಲಿ ಓಡಿದ ಮೇಲೆ ಅದಕ್ಕೆ ಯೋಚಿಸುವ ಪುರುಸೊತ್ತು ಇರುವುದಿಲ್ಲ. ಏರಿದ್ದೇ ತಡ, ಬಿದ್ದಿರುತ್ತದೆ. ಹಳಿಯ ಮೇಲೆ ನಾಲ್ಕು ಹನಿ ಮಳೆ ಬಿದ್ದಿದ್ದರೆ ಇನ್ನೂ ಜೋರು. ಬೆನ್ನಿಗೆ ಗಾಳಿಯಿದ್ದರಂತೂ ಕೇಳುವುದೇ ಬೇಡ. ಮುಂದಿನ ಸಾಲಿನಲ್ಲಿ ಕೂತವರಿಗೆ ನೋಟ ಸಿಗುತ್ತದೆ, ಹಿಂದಿನ ಸಾಲಿನವರಿಗೆ ಎಸೆತ ಸಿಗುತ್ತದೆ. ನಾನು ಯಾವತ್ತೂ ಹಿಂದಿನ ಸಾಲಿನವನು.

ಕೆಲವರು ದೇವಸ್ಥಾನ ಸುತ್ತುವ ಹಾಗೆ ನಾನು ರಜೆ ಹಾಕಿ ಇಂಥ ಪಾರ್ಕುಗಳನ್ನು ಸುತ್ತಿದ್ದೇನೆ. ಹೊಸ ಪಾರ್ಕುಗಳ ಬಗ್ಗೆ ನನಗೆ ಅಂಥ ಗೌರವವೇನೂ ಇಲ್ಲ. ಅಯಸ್ಕಾಂತದ ಬಲದಿಂದ ಹಾರಿಸುವ ಬಂಡಿಗಳು ಬೆಣ್ಣೆಯ ಮೇಲೆ ಜಾರಿದಂತೆ ಹೋಗಿ ಬರುತ್ತವೆ. ಇಳಿದು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಏನೂ ನೆನಪಿರುವುದಿಲ್ಲ. ಇನ್ನು ಕೆಲವು ಪಾರ್ಕಿನವರು ಹಳಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರೆ, ಚಕ್ರದ ರಬ್ಬರು ಮಾತ್ರ ಬದಲಾಯಿಸುವುದಿಲ್ಲ. ಕಣ್ಣಿಗೆ ಚೆಂದ, ಹಲ್ಲಿಗೆ ನೋವು. ಸಾಲಿನಲ್ಲಿ ನಿಂತು ಕಣ್ಣು ಮುಚ್ಚಿ ಒಂದು ಬಂಡಿಯ ಸದ್ದು ಕೇಳಿದರೆ ಸಾಕು, ಅಲ್ಲಿಯ ಕೆಲಸಗಾರರು ಎಂಥವರು ಅಂತ ಗೊತ್ತಾಗುತ್ತದೆ.

ನನಗೆ ಒಗ್ಗಿದ್ದು ಹಿರಿಯೂರಿನ ಆಚೆ, ಗಾಳಿಯಂತ್ರಗಳ ನಡುವೆ ಇರುವ ಗಾಳಿಗುಡ್ಡ ಎಂಬ ಹಳೆಯ ಪಾರ್ಕು. ಅಲ್ಲಿಯ ಕೋಸ್ಟರಿನ ಹೆಸರು ಗಿಡುಗ. ಸರಪಳಿಯ ಮೇಲೆ ಅದು ಏರುವಾಗಿನ ಸದ್ದಿನಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಭಾಮಿನಿ ಷಟ್ಪದಿಯ ನಡೆ. ಮನೆಯಲ್ಲಿ ಕೂತೇ ಬೀಳುವ ಅನುಭವ ಕೊಡುವ ಕುರ್ಚಿಗಳು ಬಂದ ಮೇಲೆ ಜನ ಪಾರ್ಕಿಗೆ ಬರುವುದು ಕಡಿಮೆಯಾಯಿತು. ಬಂಡಿಯ ಮುಕ್ಕಾಲು ಪಾಲು ಖಾಲಿಯಾಗಿಯೇ ಏರುತ್ತಿತ್ತು. ಗಿಡುಗವನ್ನು ಓಡಿಸುವ ಓಬಳೇಶ ನನ್ನೊಬ್ಬನಿಗಾಗಿ ಎಷ್ಟೋ ಸಲ ಗುಂಡಿ ಒತ್ತಿದ್ದಾನೆ.

"ಸಾರ್, ನೀವೊಬ್ರೇ ಹೋಗೋದಕ್ಕೆ ಇಷ್ಟು ದೊಡ್ಡ ಬಂಡಿ ಬೇಕಾ? ಒಂದು ಬುಟ್ಟಿ ಕಟ್ಟಿ ಕಳಿಸ್ಲಾ?" ಅನ್ನುತ್ತಿದ್ದ.

ನಮ್ಮ ತಂದೆ ಗಮಕಿಗಳು. ಚಿತ್ರದುರ್ಗದ ರಾಮಮಂದಿರದಲ್ಲಿ ಸಂಜೆಯ ಹೊತ್ತು ಕಾವ್ಯ ಓದುತ್ತಿದ್ದರು. ಒಂದು ಪದ್ಯ ರಾಗವಾಗಿ ಓದಿ ನಿಲ್ಲಿಸುವುದು, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದರ ಅರ್ಥ ಬಿಡಿಸುವುದು, ಮತ್ತೆ ಪದ್ಯ. ನನಗೆ ಕಂಠವಿರಲಿಲ್ಲ, ಮಾತೂ ಕಡಿಮೆ. ಕಂಬಕ್ಕೆ ಒರಗಿ ಕೇಳುವುದೊಂದೇ ನನ್ನ ಪಾಲಿನ ಸೇವೆ. ಹಾಗೆ ಕೇಳಿ ಕೇಳಿ ನನಗೊಂದು ರುಚಿ ಹತ್ತಿತ್ತು. ಪದ್ಯ ಮುಗಿದಿದೆ, ವ್ಯಾಖ್ಯಾನ ಇನ್ನೂ ಶುರುವಾಗಿಲ್ಲ. ಆ ನಡುವಿನ ಚೂರು ಹೊತ್ತಿನಲ್ಲಿ ಕಿವಿ ತಾನಾಗಿ ವ್ಯಾಖ್ಯಾನಕಾರರ ಕಡೆಗೆ ಬಾಗುತ್ತದೆ. ದೇವರು ಅಂತ ನನಗೆ ಏನಾದರೂ ಅನ್ನಿಸಿದ್ದಿದ್ದರೆ ಅಲ್ಲೇ.

ಆ ರಾಮಮಂದಿರದಲ್ಲೇ ಮುಂದೆ ವ್ಯಾಖ್ಯಾನಕ್ಕೆ ಕೂತವಳು ಕುಮುದ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ನನ್ನನ್ನು ಮದುವೆಯಾದಳು, ನನ್ನ ಜೊತೆ ಗಿಡುಗ ಹತ್ತಿದಳು, ಹತ್ತಿ ಅದಕ್ಕೂ ವ್ಯಾಖ್ಯಾನ ಶುರುಮಾಡಿದಳು. ಯಾವಾಗಲೂ ನನ್ನ ಎಡಗಡೆಯ ಸೀಟು. ಮೊದಲ ಬಸ್ಸಿಗೆ ಹೋಗಿ ಬೆಳಿಗ್ಗೆಯೇ ಸವಾರಿ ಮುಗಿಸಿ ಬರುತ್ತಿದ್ದೆವು, ಸಂಜೆ ಅವಳಿಗೆ ರಾಮಮಂದಿರ ಇರುತ್ತಿತ್ತಲ್ಲ. ಗಾಳಿಯ ಅಬ್ಬರದಲ್ಲಿ ಬಲಕ್ಕೆ ಬಾಗಿ ನನ್ನ ಕಿವಿಗೆ ಬಾಯಿ ತಂದು ಹೇಳುತ್ತಿದ್ದಳು. "ಈಗ ಎಡಕ್ಕೆ ತಿರುಗೋ ಮೊದಲು ಸುಮ್ಮನೆ ಬಲಕ್ಕೆ ಹೋಗ್ತೀನಿ ಅನ್ನತ್ತೆ ನೋಡಿ. ಅದು ಮೋಸ. ನಂಬಬೇಡಿ." ಹಾಗಂದ ಮರುಗಳಿಗೆಗೆ ಬಂಡಿ ಬಲಕ್ಕೆ ವಾಲಿ ಎಡಕ್ಕೆ ಎಸೆಯುತ್ತಿತ್ತು. ಅವಳ ಮಾತು ಮೊದಲು, ಬೀಳುವುದು ಆಮೇಲೆ. ಮದುವೆಯಲ್ಲಿ ನನಗೆ ಸಿಕ್ಕ ಸುಖ ಯಾವುದು ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳಬೇಕಾಗುತ್ತದೆ. ಬೇರೆಯವರಿಗೆ ಇದು ಅರ್ಥವಾಗದು ಅಂತ ಯಾರಿಗೂ ಹೇಳಿಲ್ಲ.

ಒಂದು ಬೇಸಿಗೆಯಲ್ಲಿ ಕುಮುದಳಿಗೆ ಮೂತ್ರಪಿಂಡಕ್ಕೆ ನಂಜಾಯಿತು. ಇಂಜೆಕ್ಷನ್ ಕೊಟ್ಟು ಜೀವ ಉಳಿಸಿದರು. ಆ ಔಷಧಿ ನಂಜಿನ ಜೊತೆಗೆ ಇನ್ನೊಂದನ್ನೂ ಕೊಂದಿತು. ಕಿವಿಯ ಒಳಗೆ, ಕೇಳುವ ಭಾಗದ ಮಗ್ಗುಲಲ್ಲೇ, ನೀರು ತುಂಬಿದ ಮೂರು ಸಣ್ಣ ಬಳೆಗಳಿವೆ. ತಲೆ ಅಲುಗಿದರೆ ಆ ನೀರು ಅಲುಗುತ್ತದೆ, ಅದರಲ್ಲಿರುವ ನವಿರು ಕೂದಲು ಬಾಗುತ್ತವೆ, ನಾವು ವಾಲಿದ್ದೇವೋ ಬೀಳುತ್ತಿದ್ದೇವೋ ಅಂತ ಮಿದುಳಿಗೆ ತಿಳಿಯುತ್ತದೆ. ಎರಡೂ ಕಿವಿಯ ಆ ಕೂದಲು ಸತ್ತುಹೋಗಿದ್ದವು. ಕೇಳುವುದಕ್ಕೇನೂ ತೊಂದರೆಯಿರಲಿಲ್ಲ. ನಡೆದರೆ ಮಾತ್ರ ಲೋಕವೆಲ್ಲ ಕುಣಿಯುತ್ತಿತ್ತು. ಅಂಗಡಿಯ ಬೋರ್ಡು ಓದಬೇಕಾದರೆ ನಿಂತು ಓದಬೇಕು, ಕತ್ತಲೆಯಲ್ಲಿ ಗೋಡೆ ಹಿಡಿಯಬೇಕು, ಕಣ್ಣಿಗೆ ಸೋಪು ಹೋದರೆ ಬಚ್ಚಲಲ್ಲೇ ಕುಸಿಯಬೇಕು.

ಚೇತರಿಸಿಕೊಂಡ ಮೇಲೆ ಒಂದು ಸಲ ಗಾಳಿಗುಡ್ಡಕ್ಕೆ ಬಂದಳು. ಹತ್ತಬಹುದು, ಅವರಿಗೆ ತಲೆಸುತ್ತೂ ಬರುವುದಿಲ್ಲ, ವಾಂತಿಯೂ ಬರುವುದಿಲ್ಲ ಎಂದಿದ್ದರು ಡಾಕ್ಟರು. ಬರಲಿಲ್ಲ ನಿಜ. ಗಿಡುಗ ನಿಂತ ಮೇಲೆ ಬೆಲ್ಟು ಬಿಚ್ಚದೆ ಕೂತೇ ಇದ್ದಳು.

"ಏನೂ ಇಲ್ಲ ರೀ. ಗಾಳಿ ಬಂತು, ಬೆಲ್ಟು ಒತ್ತಿತು. ಬೀಳೋದೇ ಇಲ್ಲ. ಕಿಟಕಿ ತೆಗೆದ ಬಸ್ಸಲ್ಲಿ ಕೂತ ಹಾಗೆ."

ಆಮೇಲೆ ಬರಲಿಲ್ಲ. ವ್ಯಾಖ್ಯಾನಕ್ಕೂ ಹೋಗಲಿಲ್ಲ. ನಾನು ಒಬ್ಬನೇ ಹೋಗಿ ಬರುತ್ತಿದ್ದೆ. ಬಂದ ಮೇಲೆ "ಹೇಗಿತ್ತು?" ಅನ್ನುತ್ತಿದ್ದಳು, "ಚೆನ್ನಾಗಿತ್ತು" ಅನ್ನುತ್ತಿದ್ದೆ. ಇಬ್ಬರೂ ಸಾರು ಅನ್ನ ಊಟ ಮಾಡುತ್ತಿದ್ದೆವು.

ಚಳ್ಳಕೆರೆ ರಸ್ತೆಯ ಪ್ರಯೋಗಾಲಯದವರು ತೂಗುಕಿವಿ ಎಂಬುದನ್ನು ಮಾಡಿದ್ದು ಇಂಥವರಿಗಾಗಿಯೇ. ಕಿವಿಯ ಹಿಂದೆ ಕೂರುವ ಹುಣಸೆಬೀಜದಷ್ಟು ಯಂತ್ರ, ಅದರಿಂದ ಒಳಗಿನ ಮೂರು ನರಗಳಿಗೆ ಮೂರು ಎಳೆ. ತಲೆ ಎಷ್ಟು ಅಲುಗಿತು ಅಂತ ಅಳೆಯುವುದು ಯಂತ್ರಕ್ಕೆ ಸುಲಭ. ಅದನ್ನು ನರಕ್ಕೆ ತಿಳಿಸುವುದು ಹೇಗೆ ಅನ್ನುವುದೇ ಕಷ್ಟ. ನರಕ್ಕೆ ಅಂಕಿ ಗೊತ್ತಿಲ್ಲ, ಕಿವಿಯ ಮಾತು ಮಾತ್ರ ಗೊತ್ತು. ಆ ಮಾತನ್ನು ಯಂತ್ರಕ್ಕೆ ಕಲಿಸಬೇಕಾದರೆ ಒಂದು ಗಟ್ಟಿ ಕಿವಿ ಎಲ್ಲ ಬಗೆಯ ವಾಲು, ತಿರುಗು, ಬೀಳುಗಳನ್ನು ಅನುಭವಿಸುವಾಗ ಏನನ್ನುತ್ತದೆ ಅಂತ ದಾಖಲಿಸಿಕೊಳ್ಳಬೇಕು. ಇವೆಲ್ಲ ಒಂದೇ ಏಟಿಗೆ ಸಿಗುವುದು ರೋಲರ್ ಕೋಸ್ಟರಿನಲ್ಲಿ. ಬೇರೆ ಬೇರೆಯವರನ್ನು ಕೂರಿಸಿ ನೋಡಿದರಂತೆ. ಕಿರುಚುವವರ ಕಿವಿಯಲ್ಲಿ ಬರೀ ಗದ್ದಲ. ಕುಮುದಳ ಜೊತೆ ಹೋಗಿದ್ದ ನನ್ನನ್ನು ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ತಸ್ನೀಮ್ ಸುಮ್ಮನೆ ಮಾತಿಗೆಳೆದು, ನಾನು ಗಿಡುಗದ ಹುಚ್ಚ ಅಂತ ತಿಳಿದ ಮೇಲೆ, ಕಿವಿಗೆ ಒಂದು ಪಟ್ಟಿ ಕಟ್ಟಿ ಕಳಿಸಿದರು. ತಿರುಗಿ ಬಂದಾಗ ಪರದೆಯ ಮೇಲಿನ ಗೆರೆ ನೋಡಿ ಕುರ್ಚಿಯಿಂದ ಎದ್ದು ನಿಂತರು.

"ಸಾರ್, ಇದೇನು ಕಿವಿನಾ, ವೀಣೆನಾ?"

ಹೀಗೆ ನನ್ನ ಕಿವಿ ಮಾದರಿ ಕಿವಿಯಾಯಿತು. ಜಿಲ್ಲೆಯಲ್ಲಿ ತೂಗುಕಿವಿ ಹಾಕಿಸಿಕೊಂಡ ಎಲ್ಲರೂ ನನ್ನ ಕಿವಿಯ ಮಾತಿನಿಂದಲೇ ನಿಂತರು, ನಡೆದರು. ಕುಮುದ ಮೊದಲ ದಿನ ಪ್ರಯೋಗಾಲಯದ ಅಂಗಳದಲ್ಲಿ ಯಾರ ಕೈಯನ್ನೂ ಹಿಡಿಯದೆ ಬೇವಿನ ಮರದ ತನಕ ಹೋಗಿ ಬಂದಳು. ಮಾರನೆಯ ದಿನ ಅಡುಗೆ ಮನೆಯ ಮೇಲಿನ ಶೆಲ್ಫಿನಿಂದ ತಾನೇ ಡಬ್ಬಿ ಇಳಿಸಿದಳು. ಅವಳು ಅಷ್ಟು ಎತ್ತರಕ್ಕೆ ತಲೆಯೆತ್ತಿ ನೋಡಿದ್ದು ಎಷ್ಟೋ ಕಾಲದ ಮೇಲೆ.

ವಾಲು ಕಾಣಿಸಿಕೊಂಡದ್ದು ನಿಧಾನವಾಗಿ. ಅವಳು ಎಡಕ್ಕೆ ಸರಿದು ನಡೆಯುತ್ತಿದ್ದಳು. ನಾವು ಜೊತೆಯಲ್ಲಿ ಹೊರಟರೆ ನನ್ನ ಎಡಗಡೆ ಅವಳು. ಅದು ಹಳೆಯ ಅಭ್ಯಾಸ. ಹೊರಡುವಾಗ ಪಕ್ಕದಲ್ಲಿದ್ದವಳು ತರಕಾರಿ ಮಾರ್ಕೆಟ್ಟು ಬರುವಷ್ಟರಲ್ಲಿ ದೂರವಾಗಿರುತ್ತಿದ್ದಳು. ಕರೆದರೆ ನಕ್ಕು ಹತ್ತಿರ ಬರುತ್ತಿದ್ದಳು, ಮತ್ತೆ ಸರಿಯುತ್ತಿದ್ದಳು. "ಎಡಗಡೆ ಯಾರೋ ಏನೋ ಹೇಳೋಕೆ ಬಂದ ಹಾಗಾಗತ್ತೆ ರೀ" ಅನ್ನುತ್ತಿದ್ದಳು. ಒಂದು ಶುಕ್ರವಾರ ಹೂವಿನಂಗಡಿಯ ಮುಂದೆ ಕಲ್ಲುಚಪ್ಪಡಿ ತಪ್ಪಿ ಚರಂಡಿಗೆ ಬಿದ್ದಳು. ಮುಂಗೈಗೆ ಪೆಟ್ಟಾಯಿತು. ಆ ವಾರವೇ ಇನ್ನೊಬ್ಬರು, ಹೊಸದುರ್ಗದ ದರ್ಜಿಯೊಬ್ಬರು, ಮೆಟ್ಟಿಲಿಂದ ಬಿದ್ದರು. ಅವರೂ ಎಡಕ್ಕೇ.

ತಸ್ನೀಮ್ ನನ್ನೊಬ್ಬನನ್ನೇ ಬರಹೇಳಿದರು.

"ನಮ್ಮ ಪೇಷಂಟುಗಳೆಲ್ಲ ಎಡಪಂಥೀಯರಾಗಿಬಿಟ್ಟಿದ್ದಾರೆ ಸಾರ್" ಎಂದು ನಗಲು ನೋಡಿದರು. ನಗು ಮುಖದಲ್ಲಿ ಉಳಿಯಲಿಲ್ಲ. "ಮೇಲಿನ ಸಮಿತಿಯವರು ಹೇಳಿದ್ದಾರೆ. ಈ ವಾಲು ಸರಿಹೋಗದಿದ್ರೆ ಎಲ್ಲರ ತೂಗುಕಿವಿ ಆಫ್ ಮಾಡಬೇಕಂತೆ. ಬಿದ್ದು ತಲೆ ಒಡ್ಕೊಂಡ್ರೆ ಯಾರು ಜವಾಬ್ದಾರಿ ಅಂತಾರೆ. ತಪ್ಪಲ್ಲ ಅವರು ಹೇಳೋದು."

"ಆಫ್ ಮಾಡಿದರೆ?"

"ಮತ್ತೆ ಗೋಡೆ ಹಿಡಿಯೋದೇ."

ಪರದೆಯ ಮೇಲೆ ಎರಡು ಗೆರೆಗಳನ್ನು ತೋರಿಸಿದರು. ಒಂದು ನನ್ನ ತಲೆಯದು, ಇನ್ನೊಂದು ನನ್ನ ಕಿವಿಯದು.

"ನಿಮ್ಮ ಕುತ್ತಿಗೆ ವಾಲುತ್ತೆ ಅಂದ್ಕೊಂಡು ಹೋದ ಸಲ ಕತ್ತಿಗೆ ಪಟ್ಟಿ ಹಾಕಿ ಕೂರಿಸಿದ್ವಲ್ಲ? ತಲೆ ಕಂಬದ ಹಾಗೆ ನಿಂತಿತ್ತು. ನೋಡಿ, ಇದು ತಲೆ. ಇದು ಕಿವಿ. ಕಿವಿ ಆಗ್ಲೂ ವಾಲಿದೆ."

"ತಲೆ ವಾಲದೆ ಕಿವಿ ಹೇಗೆ ವಾಲುತ್ತೆ ಡಾಕ್ಟ್ರೇ?"

"ಕಿವಿಯಿಂದ ಮಿದುಳಿಗೆ ಸುದ್ದಿ ಹೋಗೋದು ಎಲ್ಲರಿಗೂ ಗೊತ್ತು. ಮಿದುಳಿಂದ ಕಿವಿಗೂ ಒಂದಿಷ್ಟು ನರ ಬರ್ತವೆ ಸಾರ್. ಈ ಕಡೆಯಿಂದ ಏನೋ ಬರುತ್ತೆ, ತಯಾರಾಗಿರು ಅಂತ ಹೇಳೋಕೆ. ನಿಮ್ಮದ್ರಲ್ಲಿ ಪ್ರತಿ ಇಳಿಜಾರಿಗೂ ಮುಂಚೆ, ಪ್ರತಿ ತಿರುವಿಗೂ ಮುಂಚೆ, ಎಡಗಡೆಯಿಂದ ಏನೋ ಬರಬೇಕು ಅಂತ ಕಿವಿ ಕಾಯುತ್ತೆ. ಬರಲ್ಲ. ಆಮೇಲೆ ಬೀಳುತ್ತೆ." ಅವರು ನನ್ನ ಕಡೆ ತಿರುಗಿದರು. "ಅಲ್ಲೇನಿದೆ ಸಾರ್, ಎಡಗಡೆ?"

"ಸೀಟು."

"ಖಾಲಿನಾ?"

"ಖಾಲಿ."

ಹೊರಗೆ ಯಾರೋ ಟೀ ಕಪ್ಪು ತೊಳೆಯುತ್ತಿದ್ದ ಸದ್ದು.

"ಕಂಪ್ಯೂಟರಿನಲ್ಲಿ ಅದನ್ನ ಕತ್ತರಿಸಿ ತೆಗೆಯೋಕೆ ಆಗಲ್ವೇ?" ಅಂತ ನಾನು ಕೇಳಿದೆ.

"ನೋಡಿದ್ವಿ. ಒಂದೊಂದು ಕಡೆ ಒಂದೊಂದು ಅಳತೆ. ತೆಗೆದ್ರೆ ಅದರ ಜೊತೆ ನಿಜವಾದ ವಾಲೂ ಹೋಗುತ್ತೆ. ಬೇರೆ ಕಿವಿ ಹುಡುಕೋಣ ಅಂದ್ರೆ ಇವರ ನರಗಳು ನಿಮ್ಮ ಮಾತನ್ನೇ ಕಲಿತುಬಿಟ್ಟಿವೆ. ಹೊಸದಾಗಿ ಶುರುಮಾಡಿದ್ರೆ ತಡ್ಕೊಳಲ್ಲ. ನೀವೇ ಇನ್ನೊಂದು ಸಲ ಹೋಗಬೇಕು ಸಾರ್. ಕಾಯದೆ."

ಕಾಯದೆ ಹೋಗುವುದು ಅಷ್ಟು ಸುಲಭವಲ್ಲ. ನಾನು ಪ್ರಯತ್ನ ಮಾಡಿದೆ. ಗಿಡುಗ ಏರುವಾಗ ಮನೆಯ ನಲ್ಲಿ ರಿಪೇರಿಯ ಬಗ್ಗೆ ಯೋಚಿಸಿದೆ. ಇನ್ನೊಂದು ಸಲ ವಿಷ್ಣುಸಹಸ್ರನಾಮ ಹೇಳಿಕೊಂಡೆ. ಹೇಳುತ್ತ ಹೇಳುತ್ತಲೇ ಕಿವಿ ತನ್ನ ಪಾಡಿಗೆ ಎಡಕ್ಕೆ ಹೋಗಿತ್ತು. ತಸ್ನೀಮ್ ಗೆರೆ ನೋಡಿ ತಲೆಯಾಡಿಸಿದರು. ಇತ್ತ ಓಬಳೇಶ ಇನ್ನೊಂದು ಸುದ್ದಿ ಹೇಳಿದ. ದೀಪಾವಳಿ ಕಳೆದ ಮೇಲೆ ಗಿಡುಗವನ್ನು ಬಿಚ್ಚುತ್ತಾರಂತೆ. ಕಬ್ಬಿಣ ಗುಜರಿಗೆ, ಜಾಗ ಗಾಳಿಯಂತ್ರಕ್ಕೆ.

"ನನ್ನನ್ನ ಗಾಳಿಯಂತ್ರ ಕಾಯೋಕೆ ಇಟ್ಕೋತಾರಂತೆ ಸಾರ್" ಅಂದ. "ಅದನ್ನ ಏನು ಕಾಯೋದು, ಎಲ್ಲಿಗೋಗುತ್ತೆ ಅದು?"

ಮನೆಯಲ್ಲಿ ಕುಮುದ ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಹುರುಳಿಕಾಯಿ ಮುರಿಯುತ್ತಿದ್ದಳು.

"ಏನಂದ್ರು ತಸ್ನೀಮ್?"

"ಚಕ್ರ ಸವೆದಿದೆಯಂತೆ. ಎಡಗಡೆಯದು. ಅದಕ್ಕೇ ವಾಲು."

"ಚಕ್ರ ಸವೆದ್ರೆ ನಡುಕ ಬರತ್ತೆ. ವಾಲಲ್ಲ." ಹುರುಳಿಕಾಯಿಯ ನಾರು ಎಳೆದು ಪಕ್ಕಕ್ಕಿಟ್ಟಳು. "ಯಾರಿಗೆ ಹೇಳ್ತಿದೀರಿ ಇದನ್ನ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಹೇಳುವುದು ನನಗೆ ಬರುವುದಿಲ್ಲ, ಹಿಂದುಮುಂದಾಗಿ ಹೇಳಿದೆ. ಅವಳು ಕಾಯಿ ಮುರಿಯುವುದನ್ನು ನಿಲ್ಲಿಸಿದ್ದಳು.

"ನಾನು ಬರೋದು ಬಿಟ್ಟು ಎಷ್ಟು ಕಾಲ ಆಯ್ತು. ಇನ್ನೂ ಕಾಯ್ತಿದೀರಾ?"

"ನಾನು ಕಾಯ್ತಿಲ್ಲ. ಕಿವಿ."

"ಕಿವಿ ಯಾರದ್ದು?"

ಅವಳು ನಿಧಾನವಾಗಿ ಕಿವಿಯ ಹಿಂದಿನ ಯಂತ್ರವನ್ನು ಬೆರಳಿನಿಂದ ಮುಟ್ಟಿಕೊಂಡಳು.

"ಅಂದ್ರೆ ಎಡಗಡೆ ಯಾರೋ ಹೇಳೋಕೆ ಬಂದ ಹಾಗಾಗತ್ತೆ ಅಂತಿದ್ನಲ್ಲ, ಅದು ನಾನೇನಾ?" ಅವಳಿಗೆ ನಗು ಬಂತು. "ನನ್ನ ಮಾತು ಕೇಳೋಕೆ ಅಂತ ನಾನೇ ವಾಲಿ ಚರಂಡಿಗೆ ಬಿದ್ದಿದೀನಿ! ಆ ಪಾಪದ ದರ್ಜಿನೂ ನನ್ನ ವ್ಯಾಖ್ಯಾನಕ್ಕೆ ಅಂತ ಮೆಟ್ಟಿಲಿಂದ ಉರುಳಿದಾರೆ."

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರನ್ನು ಒರೆಸಿಕೊಂಡ ಮೇಲೆ ಮುಖದಲ್ಲಿ ನಗುವಿರಲಿಲ್ಲ.

"ನನಗೆ ಮತ್ತೆ ಗೋಡೆ ಹಿಡಿಯೋಕೆ ಆಗಲ್ಲ ರೀ. ಒಂದು ಸಲ ಬಿಟ್ಟ ಮೇಲೆ ಆಗಲ್ಲ."

"ಗೊತ್ತು."

"ತಪ್ಪು ನಮ್ಮಿಬ್ಬರದೂ ಅಲ್ಲ. ಮಂಗಳ ಹಾಡಲಿಲ್ಲ ನಾವು, ಅಷ್ಟೇ."

ಗಮಕದಲ್ಲಿ ಆ ದಿನದ ಓದು ಮುಗಿಯಿತು ಅನ್ನುವುದಕ್ಕೆ ಮಂಗಳ ಹಾಡುತ್ತಾರೆ. ಹಾಡುವ ತನಕ ಕೇಳುವವರು ಏಳಬಾರದು. ಹಾಡದೆ ಎದ್ದರೆ ಮೈ ಮನೆಗೆ ಬರುತ್ತೆ, ಕಿವಿ ಅಲ್ಲೇ ಕೂತಿರುತ್ತೆ ಅಂತ ನಮ್ಮ ತಂದೆ ಹೇಳುತ್ತಿದ್ದರು. ಅವಳು ಕಾಯಿಲೆ ಬಿದ್ದದ್ದು ಒಂದು ಸವಾರಿಗೂ ಇನ್ನೊಂದು ಸವಾರಿಗೂ ನಡುವೆ. ಮುಗಿಯಿತು ಅಂತ ಯಾರೂ ಹೇಳಿರಲಿಲ್ಲ.

"ಒಂದು ಸಲ ಬರ್ತೀನಿ" ಅಂದಳು. "ಮೊದಲಿಂದ ಕೊನೆವರೆಗೂ ಹೇಳಿ ಮುಗಿಸಿ ಮಂಗಳ ಹಾಡಿಬಿಡ್ತೀನಿ. ಆಮೇಲೆ ನೀವು ನಿಮ್ಮ ಪಾಡಿಗೆ ನೆಟ್ಟಗೆ ಹೋಗಿ."

ಬೆಳಿಗ್ಗೆಯೇ ಹೋಗಬೇಕು ಅಂತ ನನಗಿತ್ತು. ಬಸ್ಸು ಐಮಂಗಲದ ಹತ್ತಿರ ಕೆಟ್ಟು ನಿಂತು, ಇನ್ನೊಂದು ಬಸ್ಸು ಸಿಕ್ಕಿ ನಾವು ಗಾಳಿಗುಡ್ಡ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಗಿಡುಗದ ಸದ್ದು ಗೇಟಿನಿಂದಲೇ ಕೇಳಿಸಿತು. ದಿನವಿಡೀ ಓಡಿ ಕಾದ ಚಕ್ರಗಳ ನುಣ್ಣನೆಯ ಸದ್ದು. ಗಾಳಿಯೂ ಪಡುವಣದಿಂದ, ಬೆನ್ನಿಗೆ. ನನಗೆ ಆಗಲೇ ಗೊತ್ತಾಗಬೇಕಿತ್ತು.

"ಅಮ್ಮಾ, ಬಂದ್ರಾ?" ಓಬಳೇಶ ಟೋಪಿ ತೆಗೆದ. "ನೀವಿಲ್ದೆ ಸಾರ್ ಬಾಯೇ ಬಿಡಲ್ಲ. ಕಲ್ಲು ಕೂರಿಸಿ ಕಳಿಸಿದಂಗೆ ಕಳಿಸ್ತೀನಿ ನಾನು."

"ನಾನಿದ್ದಾಗಲೂ ಬಿಡ್ತಿರಲಿಲ್ಲಪ್ಪ" ಅಂದಳು ಕುಮುದ. "ನನಗೆ ಬಿಡೋಕೆ ಜಾಗ ಕೊಟ್ಟಿದ್ರು."

ತೂಗುಕಿವಿಯ ಹೊರಗಿನ ಯಂತ್ರವನ್ನು ಆಫ್ ಮಾಡಿ, ಕಿವಿಯ ಹಿಂದಿನಿಂದ ಬಿಡಿಸಿ ಪರ್ಸಿನಲ್ಲಿ ಹಾಕಿಕೊಂಡಳು. ಅದನ್ನು ಹಾಕಿಕೊಂಡು ಹತ್ತಬಾರದು ಅಂತ ತಸ್ನೀಮ್ ಹೇಳಿದ್ದರು. ನನ್ನ ಕೈ ಹಿಡಿದು, ಪಾದದಿಂದ ನೆಲ ತಡವಿ, ಹಿಂದಿನ ಸಾಲಿನ ಎಡಗಡೆಯ ಸೀಟಿನಲ್ಲಿ ಕೂತಳು. ಬೆಲ್ಟು ಹಾಕಿಕೊಂಡು ಒಮ್ಮೆ ಗಂಟಲು ಸರಿಮಾಡಿಕೊಂಡಳು, ರಾಮಮಂದಿರದಲ್ಲಿ ಮಾಡುತ್ತಿದ್ದ ಹಾಗೆ.

ಸರಪಳಿ ಹಿಡಿಯಿತು. ಮೂರು, ನಾಲ್ಕು, ಮೂರು, ನಾಲ್ಕು. ಗುಡ್ಡದ ಬುಡದ ಗಾಳಿಯಂತ್ರಗಳ ರೆಕ್ಕೆಗಳು ನಮ್ಮ ಎತ್ತರಕ್ಕೆ ಬಂದವು, ಆಮೇಲೆ ಕೆಳಗಾದವು. ಕುಮುದ ಬಲಕ್ಕೆ ಬಾಗಿ ನನ್ನ ಕಿವಿಗೆ ಬಾಯಿ ತಂದಳು. ಅವಳ ಉಸಿರಿನ ಬಿಸಿ ತಾಕಿತು. ಅಷ್ಟು ಸಾಕಾಗಿತ್ತು ನನಗೆ.

"ಇಲ್ಲಿ ಏನು ಹೇಳ್ತಾನೆ ಅಂದ್ರೆ," ಎಂದು ಶುರುಮಾಡಿದಳು, "ಅವಸರ ಬೇಡ ಅಂತಾನೆ. ತುದಿ ಬಂತು. ಈಗ ಒಂದು ಗಳಿಗೆ ನಿಲ್ತಾನೆ. ಊರೆಲ್ಲ ತೋರಿಸ್ತಾನೆ. ತೋರಿಸಿ..."

ಬಿದ್ದಾಗಿತ್ತು. ತುದಿಯಲ್ಲಿ ನಿಲ್ಲಲೇ ಇಲ್ಲ. ನನ್ನ ಹೊಟ್ಟೆ ಮೇಲೆ ಉಳಿದು ಮೈ ಕೆಳಗೆ ಹೋಗುತ್ತಿತ್ತು. ಕಿವಿಯ ಹತ್ತಿರ ಅವಳ ದನಿ ಇನ್ನೂ ತುದಿಯಲ್ಲೇ ನಿಂತಿತ್ತು.

"ತೋರಿಸಿ, ಈಗ ಬೀಳ್ತಾನೆ."

ಕಣಿವೆಯ ತಳ ದಾಟಿ ನಾವು ಮತ್ತೆ ಏರುತ್ತಿದ್ದೆವು.

ಅವಳಿಗೆ ಅದು ತಿಳಿಯುವ ದಾರಿಯಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು, ಲೋಕ ಕುಣಿಯುವುದನ್ನು ನೋಡಲಾರದೆ. ಒಳಗಿನ ನೀರು ಅಲುಗಿದರೂ ಹೇಳುವವರಿರಲಿಲ್ಲ. ಅವಳ ನೆನಪಿನಲ್ಲಿದ್ದದ್ದು ಬೆಳಗಿನ ಗಿಡುಗ, ತಣ್ಣನೆಯ ಚಕ್ರದ ಗಿಡುಗ, ನಮ್ಮಿಬ್ಬರದು. ಒಂದು ಅಕ್ಷರವನ್ನೂ ಮರೆಯದೆ ಅದನ್ನು ಹೇಳುತ್ತ ಹೋದಳು. "ಈಗ ಬಲಕ್ಕೆ ಹೋಗ್ತೀನಿ ಅನ್ನತ್ತೆ, ನಂಬಬೇಡಿ" ಅಂದಾಗ ನಮ್ಮನ್ನು ಎಡಕ್ಕೆ ಎಸೆದಾಗಿತ್ತು. ಸುರುಳಿಯೊಳಗೆ ತಲೆಕೆಳಗಾಗಿ ಹೊರಬಂದ ಮೇಲೆ "ತಲೆ ಮೇಲೆ ಆಕಾಶ ಇದೆ ಅಂದ್ಕೋಬೇಡಿ ಈಗ" ಅಂದಳು. ಒಂದೊಂದು ತಿರುವಿಗೂ ಅವಳು ಇನ್ನಷ್ಟು ಹಿಂದೆ ಉಳಿಯುತ್ತಿದ್ದಳು. ನನ್ನ ಕಿವಿಗೆ ಅವಳ ತುಟಿ ತಾಗುವಷ್ಟು ಹತ್ತಿರವಿತ್ತು, ಅವಳು ಮಾತ್ರ ಇನ್ನೆಲ್ಲೋ, ಇನ್ಯಾವುದೋ ಬಂಡಿಯಲ್ಲಿ ಬರುತ್ತಿದ್ದಳು. ಆ ಬಂಡಿಯಲ್ಲಿ ಅವಳ ಪಕ್ಕ ಕೂತವನು ನಾನೇ ಇರಬೇಕು.

ನಾನು ಕೈ ತಟ್ಟಿ ನಿಲ್ಲಿಸಬಹುದಿತ್ತು. ಎಲ್ಲವೂ ಮುಗಿದಿದೆ ಕುಮುದಾ ಅನ್ನಬಹುದಿತ್ತು. ಅಷ್ಟು ಚೆಂದವಾಗಿ ಹೇಳುತ್ತಿರುವವರನ್ನು ನಡುವೆ ತಡೆದು ನನಗೆ ಅಭ್ಯಾಸವಿಲ್ಲ.

ಬಂಡಿ ಬ್ರೇಕಿನ ಹಳಿಗೆ ಬಂದು ನಿಂತಿತು. ಓಬಳೇಶ ಬೆಲ್ಟಿನ ಕಂಬಿಯನ್ನು ಎತ್ತಲು ಬಂದವನು, ಅವಳು ಕಣ್ಣು ಮುಚ್ಚಿ ಇನ್ನೂ ಹೇಳುತ್ತಿರುವುದನ್ನು ಕಂಡು, ನನ್ನ ಮುಖ ನೋಡಿದ. ನಾನು ಕೈಸನ್ನೆ ಮಾಡಿದೆ. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತ. ಕೊನೆಯ ಎರಡು ತಿರುವುಗಳನ್ನು ಅವಳು ನಿಂತ ಬಂಡಿಯಲ್ಲಿ ದಾಟಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಮಂಗಳದ ಎರಡು ಸಾಲು ಹಾಡಿ, ಕಣ್ಣು ತೆರೆದಳು.

"ನಿಂತಾಯ್ತಾ?"

"ಈಗ ತಾನೇ" ಅಂದೆ.

"ಸರಿಯಾಗಿ ಬಂತಾ?"

"ಚೆನ್ನಾಗಿ ಹೇಳಿದೆ."

ಅವಳು ತೃಪ್ತಿಯಿಂದ ಬೆಲ್ಟು ಬಿಚ್ಚಿಕೊಂಡಳು. ಓಬಳೇಶ ಅವಳ ಕೈ ಹಿಡಿದು ಇಳಿಸಿದ. ಆ ದಿನ ಅವನು ಯಾವ ತಮಾಷೆಯನ್ನೂ ಮಾಡಲಿಲ್ಲ.

ಮಾರನೆಯ ದಿನ ಪಟ್ಟಿ ಕಟ್ಟಿಕೊಂಡು ಒಬ್ಬನೇ ಹತ್ತಿದೆ. ತಣ್ಣನೆಯ ಬೆಳಗು, ಗಟ್ಟಿ ಗ್ರೀಸು. ಬಂಡಿ ತುದಿಗೆ ಬಂತು, ಯೋಚಿಸಿತು, ಬಿತ್ತು. ಬೀಳುವ ಮೊದಲು ಏನೂ ಇರಲಿಲ್ಲ, ಕಿವಿ ಯಾರನ್ನೂ ಕಾಯಲಿಲ್ಲ. ತಿರುವಿಗೆ ತಿರುವು, ಇಳಿಜಾರಿಗೆ ಇಳಿಜಾರು. ಇಷ್ಟು ವರ್ಷ ಹತ್ತಿದ ಗಿಡುಗ ಇಷ್ಟು ಚಿಕ್ಕದು ಅಂತ ನನಗೆ ಗೊತ್ತಿರಲಿಲ್ಲ.

ತಸ್ನೀಮ್ ಗೆರೆಯನ್ನು ದೊಡ್ಡದು ಮಾಡಿ ನೋಡಿದರು, ಚಿಕ್ಕದು ಮಾಡಿ ನೋಡಿದರು.

"ಕೂದಲೆಳೆಯಷ್ಟೂ ಇಲ್ಲ ಸಾರ್. ಹೇಗೆ ಮಾಡಿದ್ರಿ?"

"ಕುಮುದ ಮಾಡಿದಳು" ಅಂದೆ.

ಹೊಸ ದಾಖಲೆಯನ್ನು ಎಲ್ಲರ ತೂಗುಕಿವಿಗೂ ಹಾಕಲು ಒಂದು ವಾರ ಹಿಡಿಯಿತು. ಕುಮುದಳ ಸರದಿ ಬಂದ ದಿನ ನಾನು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದೆ. ತಸ್ನೀಮ್ ಯಂತ್ರ ಆನ್ ಮಾಡಿದರು. ಅವಳು ಎದ್ದು, ಒಂದು ಹೆಜ್ಜೆ ಇಟ್ಟು, ನಿಂತಳು.

"ಏನಾದ್ರೂ ತೊಂದರೆನಾ ಅಮ್ಮಾ?"

"ಇಲ್ಲ" ಅಂದಳು. ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಗೋಡೆಯ ಕಡೆ ನೋಡಿದಳು. "ಎಡಗಡೆ ಈಗ ಯಾರೂ ಇಲ್ಲ."

"ಇರಬಾರದು ಅಮ್ಮಾ. ಅದೇ ಸರಿ."

"ಹೌದು. ಅದೇ ಸರಿ."

ಅವಳು ನನ್ನನ್ನು ನೋಡಿದಳು. ಅವಳ ಕಿವಿಯಲ್ಲಿದ್ದದ್ದು ನನ್ನ ಕಿವಿ. ನಾನು ಬಚ್ಚಿಡುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟಳು. ಓಣಿ ದಾಟಿದಳು, ಮೆಟ್ಟಿಲಿಳಿದಳು, ಅಂಗಳದ ನಟ್ಟನಡುವೆ ಗೆರೆ ಎಳೆದ ಹಾಗೆ ನೆಟ್ಟಗೆ ನಡೆದಳು. ತಸ್ನೀಮ್ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಬಸ್ ಸ್ಟಾಪು ರಸ್ತೆಯ ಆಚೆ ಬದಿಗೆ. ಅವಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ತಾನೊಬ್ಬಳೇ ದಾಟಿದಳು. ನಾನು ಬರುವ ಹೊತ್ತಿಗೆ ಎರಡು ಅದಿರಿನ ಲಾರಿಗಳು ಒಂದರ ಹಿಂದೊಂದು ಬಂದವು. ಆಚೆ ಬದಿಯಿಂದ ಅವಳು ನನ್ನ ಕಡೆಗೆ ಏನೋ ಹೇಳಿದ್ದು ಲಾರಿಗಳ ಸಂದಿನಲ್ಲಿ ಕಂಡಿತು. ತುಟಿ ಆಡಿದ್ದು ಕಂಡಿತು, ಅಷ್ಟೇ. ನನ್ನ ತಲೆ ಇದ್ದ ಹಾಗೇ ಇತ್ತು, ಅವಳ ಕಡೆ ಬಾಗಲಿಲ್ಲ. ಲಾರಿ ಹೋದ ಮೇಲೆ ನಾನು ದಾಟಿ, ಅವಳ ಪಕ್ಕಕ್ಕೆ ಹೋಗಿ ನಿಂತು ಕೇಳಿದೆ.

"ಏನಂದೆ?"

"ಏನಿಲ್ಲ. ಲಾರಿ ಬರ್ತಿದೆ, ನೋಡ್ಕೊಂಡು ದಾಟಿ ಅಂದೆ."

"ದಾಟಿದೆನಲ್ಲ" ಅಂದೆ.

"ದಾಟಿದ್ರಲ್ಲ" ಅಂದಳು ಕುಮುದ. ಇಬ್ಬರೂ ನೆಟ್ಟಗೆ ನಿಂತು ಬಸ್ಸು ಬರುವ ದಿಕ್ಕಿಗೆ ನೋಡಿದೆವು.